ಮುಸುವ ನಂಬದ ಕೂಗು

ಒಂದು ಕಾಡಿನಲ್ಲಿ ಎಲ್ಲ ಪ್ರಾಣಿಗಳೂ ಹೊಟ್ಟೆಪಾಡಿಗೆ ಅಲೆಯುತ್ತಿದ್ದರೆ, ಒಂದು ಮುಸುವ ಮಾತ್ರ ಹಕ್ಕಿ ನೋಡಲು ಅಲೆಯುತ್ತಿತ್ತು. ಕರಿಮೂತಿ, ಬೂದುಮೈ, ಉದ್ದ ಬಾಲದ ಕೋತಿ ಅದು. ಬೆಳಗಾದರೆ ಸಾಕು, ಮರದ ತುದಿ ಹತ್ತಿ ಕತ್ತು ಚಾಚಿ ಕೂರುತ್ತಿತ್ತು. ಬಾಯಿಗೆ ಚಿಗುರು ಹಾಕಿಕೊಂಡರೂ ಅಗಿಯುವುದನ್ನು ಮರೆಯುತ್ತಿತ್ತು. "ಇದಕ್ಕೆ ಹಕ್ಕಿ ಹುಚ್ಚು" ಎಂದು ಉಳಿದ ಮುಸುವಗಳು ನಗುತ್ತಿದ್ದವು.

ಅದು ವಾಸವಿದ್ದ ಹೊನ್ನೆಮರದಲ್ಲಿ ಎರಡು ಪೊಟರೆಗಳಿದ್ದವು. ಹೊಸ ಹಕ್ಕಿಯೊಂದನ್ನು ಕಂಡ ದಿನ ಮೇಲಿನ ಪೊಟರೆಗೆ ಒಂದು ಅಂಟುವಾಳದ ಕಾಯಿ ಹಾಕುತ್ತಿತ್ತು. ಹಕ್ಕಿಯೊಂದು ತನ್ನ ಕಣ್ಣಿಗೆ ಬೀಳದೆ ಬಂದು ಹೋದರೆ ಕೆಳಗಿನ ಪೊಟರೆಗೆ ಒಂದು ಗುಲಗಂಜಿ ಹಾಕುತ್ತಿತ್ತು. ಮೇಲಿನ ಪೊಟರೆ ತುಂಬಿ ಕಾಯಿಗಳು ಹೊರಗೆ ಉರುಳುತ್ತಿದ್ದವು. ಮುಸುವ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕೆಳಗಿನದರಲ್ಲಿ ಇದ್ದದ್ದು ಏಳೋ ಎಂಟೋ ಗುಲಗಂಜಿ. ದಿನವೂ ಅವನ್ನು ಅಂಗೈಯಲ್ಲಿ ಹರಡಿಕೊಂಡು ಕೊರಗುತ್ತಿತ್ತು.

"ಇದು ಆ ನೀಲಿ ಕೊಕ್ಕಿನದು. ಅವತ್ತು ನನಗೆ ಜ್ವರ. ಇದು ಕೆಂಪು ಜುಟ್ಟಿನದು. ಅವತ್ತು ನೇರಳೆ ಹಣ್ಣಿಗಾಗಿ ತಮ್ಮನ ಜೊತೆ ಜಗಳ ಆಡ್ತಾ ಕೂತಿದ್ದೆ. ಥೂ, ನನ್ನ ಹಣೆಬರಹ!"

ಎಲ್ಲಕ್ಕಿಂತ ಹಳೆಯ ಗುಲಗಂಜಿಯನ್ನು ಮಾತ್ರ ಕೊನೆಗೆ ಎತ್ತಿಕೊಳ್ಳುತ್ತಿತ್ತು. ಅದು ಹೊಂಬೆನ್ನಿನ ಹಕ್ಕಿಯದು. ಆ ಹಕ್ಕಿಯ ಬೆನ್ನು ಪೂರ್ತಿ ಬಂಗಾರದ ಬಣ್ಣ, ಬಾಲ ಮೊಳದುದ್ದ. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿತ್ತು. ಎಷ್ಟೋ ವರ್ಷಕ್ಕೊಮ್ಮೆ ಈ ಕಾಡಿನ ಮೇಲೆ ಹಾದುಹೋಗುವಾಗ ಒಂದೇ ಒಂದು ಹಗಲು ನೀರಿಗೆ ಇಳಿಯುತ್ತಿತ್ತು. ಮುಸುವದ ತಾಯಿ ಅದನ್ನು ತಾವರೆಕೊಳದ ದಂಡೆಯಲ್ಲಿ ಕಂಡಿತ್ತು. ಆಗ ಮುಸುವ ಇನ್ನೂ ಕೂಸು, ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಇತ್ತು. ಆದರೆ ನಿದ್ದೆ ಮಾಡುತ್ತಿತ್ತು! "ಎಬ್ಬಿಸೋಣ ಅಂದುಕೊಂಡೆ ಕಂದಾ, ನೀನು ಅಷ್ಟು ಚೆನ್ನಾಗಿ ಮಲಗಿದ್ದೆ" ಎಂದು ತಾಯಿ ಸಾಯುವವರೆಗೂ ಹೇಳುತ್ತಿತ್ತು. ಈಗ ಮುಸುವಕ್ಕೇ ವಯಸ್ಸಾಗಿತ್ತು. ಎಡಗಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣು ಸರಿಯಿರುವಾಗಲೇ ಆ ಹಕ್ಕಿಯನ್ನು ಒಮ್ಮೆ ನೋಡಬೇಕು. ಅದಕ್ಕೆ ಬೇಕಿದ್ದದ್ದು ಅಷ್ಟೇ.

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಅಪರೂಪದ ಹಕ್ಕಿ ಯಾರ ಕಣ್ಣಿಗೆ ಬಿದ್ದರೂ ಅವರು ಹಕ್ಕಿ ಬೆದರದಷ್ಟು ದೂರ ಬಂದು "ಬಂತೋ!" ಎಂದು ಮೂರು ಸಲ ಕೂಗಬೇಕು. ಕೇಳಿಸಿಕೊಂಡವರು ಆ ಕೂಗನ್ನು ಮುಂದಕ್ಕೆ ದಾಟಿಸಬೇಕು. ಆಮೇಲೆ ಕೈಯಲ್ಲಿದ್ದ ಹಣ್ಣು ಬಿಟ್ಟು ಎಲ್ಲರೂ ಓಡಬೇಕು.

ಮುಸುವಕ್ಕೆ ಈ ಪದ್ಧತಿ ಕಂಡರಾಗುತ್ತಿರಲಿಲ್ಲ. "ಕೂಗಿದರೆ ಸಂತೆ ಸೇರುತ್ತೆ. ಸಂತೆ ಸೇರಿದರೆ ಹಕ್ಕಿ ಹಾರಿಹೋಗುತ್ತೆ" ಎನ್ನುತ್ತಿತ್ತು. ಒಮ್ಮೆ ಮೊಲ ಸೀನಿದ್ದಕ್ಕೆ ಒಂದು ಹಕ್ಕಿ ಹಾರಿಹೋಗಿದ್ದು ನಿಜವೇ. ಆ ಒಂದು ಸೀನನ್ನು ಮುಸುವ ಎಷ್ಟು ವರ್ಷವಾದರೂ ಮರೆತಿರಲಿಲ್ಲ. ಅಂದಿನಿಂದ ಯಾವ ಹಕ್ಕಿ ಕಂಡರೂ ಒಂಟಿಯಾಗಿ ಕಣ್ತುಂಬ ನೋಡಿ, ಅದು ಹಾರಿಹೋದ ಮೇಲೆ ಕೂಗುತ್ತಿತ್ತು. ಪಾಪ, ಉಳಿದವು ಏದುಸಿರು ಬಿಡುತ್ತಾ ಬಂದರೆ, "ಅಯ್ಯೋ, ಈಗಷ್ಟೇ ಹೋಯ್ತಲ್ಲ!" ಎಂದು ಕೈ ತಿರುವುತ್ತಿತ್ತು.

ಒಂದು ಸಂಜೆ ದಣಿದ ಬಾತುಕೋಳಿಯೊಂದು ತಾವರೆಕೊಳಕ್ಕೆ ಇಳಿಯಿತು. ದಂಡೆಯಲ್ಲಿ ಮುಸುವ ಒಂದೇ ಇತ್ತು.

"ಹೊಂಬೆನ್ನಿನ ಹಕ್ಕಿ ನನ್ನ ಹಿಂದೆಯೇ ಬರ್ತಾ ಇದೆ" ಎಂದಿತು ಬಾತುಕೋಳಿ. "ನಾಳೆ ಬೆಳಗ್ಗೆ ನಿಮ್ಮ ಕಾಡಲ್ಲಿ ನೀರಿಗೆ ಇಳಿಯುತ್ತೆ. ಎಲ್ಲರಿಗೂ ಹೇಳಿಬಿಡು."

ಇಷ್ಟು ಹೇಳಿ, ನಾಲ್ಕು ಗುಟುಕು ನೀರು ಕುಡಿದು ಹಾರಿಹೋಯಿತು.

ಮುಸುವ ಕೂಡಲೇ ಲೆಕ್ಕ ಹಾಕಿತು. ಆ ಕಾಡಿನಲ್ಲಿ ನೀರಿದ್ದದ್ದು ಎರಡೇ ಕಡೆ. ಒಂದು ಈ ತಾವರೆಕೊಳ. ಇನ್ನೊಂದು ಗುಡ್ಡದ ಆಚೆ, ಹೊಳೆಯ ಕಲ್ಲುಮಡು. "ಅಮ್ಮ ನೋಡಿದ್ದು ಇಲ್ಲೇ. ಬರೋದೂ ಇಲ್ಲಿಗೇ" ಎಂದುಕೊಂಡಿತು. ಆದರೆ ಬೆಳಗಾದರೆ ಅರ್ಧ ಕಾಡು ನೀರು ಕುಡಿಯಲು ಈ ಕೊಳಕ್ಕೇ ಬರುತ್ತದೆ. ಮೊಲವೂ ಬರುತ್ತದೆ. ಮೊಲದ ಮೂಗೂ ಬರುತ್ತದೆ! ಮುಸುವ ಕೂತಲ್ಲೇ ಒಂದು ಉಪಾಯ ಹೂಡಿತು.

ನೇರವಾಗಿ ಕೆಂದಳಿಲಿನ ಹತ್ತಿರ ಹೋಯಿತು. ಕಾಡಿನಲ್ಲಿ ಅದರಷ್ಟು ದೊಡ್ಡ ಗಂಟಲು ಯಾರಿಗೂ ಇರಲಿಲ್ಲ.

"ನಾಳೆ ಬೆಳಗ್ಗೆ ಹೊಂಬೆನ್ನಿನ ಹಕ್ಕಿ ಕಲ್ಲುಮಡುವಿಗೆ ಬರುತ್ತಂತೆ. ಬಾತುಕೋಳಿ ಹೇಳ್ತು. ಎಲ್ಲರನ್ನೂ ಕರಕೊಂಡು ಹೋಗು."

"ನೀನು ಬರಲ್ವಾ ಮುಸುವಣ್ಣ? ಜೀವಮಾನವೆಲ್ಲ ಅದಕ್ಕೇ ಕಾದಿದ್ದೀಯಲ್ಲ!"

"ಮಂಡಿನೋವು. ಗುಡ್ಡ ಹತ್ತೋಕೆ ಆಗಲ್ಲ. ನೀವು ನೋಡಿದರೆ ನಾನೇ ನೋಡಿದ ಹಾಗೆ ಬಿಡು."

ಕೆಂದಳಿಲಿನ ಕಣ್ಣಲ್ಲಿ ನೀರು ಬಂತು. "ಎಂಥ ಮನಸ್ಸು ನಿಂದು! ಹಕ್ಕಿ ಬಂದ ತಕ್ಷಣ ಕೂಗ್ತೀನಿ. ನಿಧಾನಕ್ಕೆ ಆದ್ರೂ ಬಂದುಬಿಡು ಅಣ್ಣ" ಎಂದಿತು.

ಸುದ್ದಿ ಕಾಡೆಲ್ಲ ಹರಡಿತು. ಆಮೆಜ್ಜಿ ಆ ಸಂಜೆಯೇ ಹೊರಟಿತು. ಅದರ ನಡಿಗೆಗೆ ಅಷ್ಟು ಹೊತ್ತು ಬೇಕಿತ್ತು. ಉಳಿದವು ನಸುಕಿಗೆ ಎದ್ದು ಗುಡ್ಡ ದಾಟಿದವು.

ಬೆಳಗಾದಾಗ ತಾವರೆಕೊಳದ ಬಳಿ ಒಂದು ಪ್ರಾಣಿಯೂ ಇರಲಿಲ್ಲ. ಮುಸುವ ದಂಡೆಯ ಅತ್ತಿಮರ ಹತ್ತಿ ಕೂತಿತು. ಎಲೆಗಳು ಅಡ್ಡ ಬಂದವು. ನೀರು ಸರಿಯಾಗಿ ಕಾಣಲೊಲ್ಲದು. ಮುಸುವ ಒಂದು ಕೊಂಬೆ ಮುರಿಯಿತು. ಇನ್ನೊಂದನ್ನೂ ಮುರಿಯಿತು. ನೋಡುನೋಡುತ್ತಾ ನೀರಿನ ಕಡೆ ಚಾಚಿದ್ದ ಹಸಿರು ಕೊಂಬೆಗಳನ್ನೆಲ್ಲ ಲಟಲಟ ಮುರಿದು ಕೆಳಗೆ ಹಾಕಿತು. "ಈಗ ಸರಿಹೋಯ್ತು" ಎಂದು ಕೈ ಕೊಡವಿಕೊಂಡಿತು.

ಬಿಸಿಲು ಏರಿತು. ಮುಸುವ ಇದ್ದ ಒಂದು ಕಣ್ಣನ್ನು ನೀರಿನ ಮೇಲೆ ನೆಟ್ಟು ರೆಪ್ಪೆ ಮಿಟುಕಿಸದೆ ಕೂತಿತ್ತು. ನೀರಿನ ಮೇಲೆ ಒಂದು ನೆರಳು ಹಾದುಹೋಯಿತು. ತಿರುಗಿ ಬಂದು ಇನ್ನೊಂದು ಸುತ್ತು ಹಾಕಿತು. "ಥತ್, ಗಿಡುಗ" ಎಂದು ಬೈದ ಮುಸುವ ತಲೆ ಎತ್ತಿಯೂ ನೋಡಲಿಲ್ಲ. ನೆರಳು ಗುಡ್ಡದ ಕಡೆ ಸರಿದುಹೋಯಿತು.

ಸ್ವಲ್ಪ ಹೊತ್ತಿಗೆ ದೂರದಿಂದ ಕೂಗು ಕೇಳಿಸಿತು.

"ಬಂತೋ! ಬಂತೋ! ಬಂತೋ!"

ಮುಸುವ ಬೆಚ್ಚಿಬಿತ್ತು. ಮರುಕ್ಷಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಸುಳ್ಳು ಕಟ್ಟಿದ್ದು ನಾನು. ನನ್ನ ಸುಳ್ಳನ್ನು ನನಗೇ ಕೂಗಿ ಹೇಳ್ತಾವಲ್ಲ! ಯಾವುದೋ ಕೊಕ್ಕರೆ ನೋಡಿರಬೇಕು, ದಡ್ಡಮುಂಡೇವು."

ಮಧ್ಯಾಹ್ನ ಮತ್ತೆ ಕೂಗು ಬಂತು. ಈ ಸಲ ಕೆಂದಳಿಲು ಗುಡ್ಡದ ನೆತ್ತಿಯವರೆಗೂ ಬಂದು ಕೂಗುತ್ತಿತ್ತು. "ಮುಸುವಣ್ಣಾ, ಇನ್ನೂ ಇಲ್ಲೇ ಇದೆ! ಬಾರೋ!"

ಒಂದು ವೇಳೆ ನಿಜವಾಗಿದ್ದರೆ? ಮುಸುವ ಎದ್ದು ಒಂದು ಕಾಲನ್ನು ಕೆಳಗಿನ ಕೊಂಬೆಗೆ ಇಟ್ಟಿತು. "ನಾನು ಅತ್ತ ಹೋದಾಗಲೇ ಅದು ಇತ್ತ ಬಂದುಬಿಟ್ಟರೆ?" ಎನಿಸಿತು. ಕಾಲನ್ನು ಮೇಲಕ್ಕೆ ಎಳೆದುಕೊಂಡಿತು. ಮತ್ತೆ ನೀರು ನೋಡುತ್ತಾ ಕೂತಿತು.

ಹೊತ್ತು ಇಳಿಯುವಾಗ ಮೂರನೆಯ ಸಲ ಕೂಗು ಕೇಳಿಸಿತು. ಕೂಗಿ ಕೂಗಿ ಆ ಗಂಟಲು ಬಿದ್ದುಹೋಗಿತ್ತು. ಆಮೇಲೆ ಏನೂ ಕೇಳಿಸಲಿಲ್ಲ.

ಇಳಿಬಿಸಿಲಿನಲ್ಲಿ ಪ್ರಾಣಿಗಳು ಗುಡ್ಡ ಇಳಿದು ಬಂದವು. ಅವುಗಳ ಮುಖ ನೋಡಿದ ಕೂಡಲೇ ಮುಸುವಕ್ಕೆ ಗೊತ್ತಾಗಿಹೋಯಿತು. ಆದರೂ ಮರ ಇಳಿದು ಬಂದು ಕೇಳಿತು. "ನೋಡಿದ್ರಾ?"

"ಹಗಲೆಲ್ಲ ಇತ್ತು" ಎಂದಿತು ಕೆಂದಳಿಲು, ಒಡೆದ ದನಿಯಲ್ಲಿ. "ಮರದ ನೆರಳಿದ್ದ ಬಂಡೆ ಮೇಲೆ ಬಾಲ ಇಳಿಬಿಟ್ಟುಕೊಂಡು ಕೂತಿತ್ತು. ಎಷ್ಟು ಕೂಗಿದೆ ಅಣ್ಣ, ಯಾಕೆ ಬರಲಿಲ್ಲ?"

"ಮೊಲ ಸೀನಲಿಲ್ವಾ?" ಎಂದು ಮುಸುವ ಚೀರಿತು.

"ಸೀನು ಬಂತು" ಎಂದಿತು ಮೊಲ ಮೆಲ್ಲಗೆ. "ಮೂಗನ್ನು ಮಣ್ಣಿಗೆ ಒತ್ತಿ ಹಿಡಿದುಕೊಂಡೆ."

ಅಷ್ಟರಲ್ಲಿ ಆಮೆಜ್ಜಿಯೂ ತೆವಳುತ್ತಾ ಬಂತು. ಅದು ಮಡುವಿನವರೆಗೆ ಹೋಗಿರಲೇ ಇಲ್ಲ. ಗುಡ್ಡದ ನೆತ್ತಿಯಲ್ಲೇ ಅದಕ್ಕೆ ಬೆಳಗಾಗಿತ್ತು.

"ಮೊದಲು ಈ ಕೊಳದ ಮೇಲೇ ಎರಡು ಸುತ್ತು ಹಾಕಿತು ಮಗಾ, ನಾನೇ ಕಂಡೆ" ಎಂದಿತು. "ಕೂರೋಕೆ ನೆರಳಿರುವ ಕೊಂಬೆ ಹುಡುಕ್ತಿತ್ತು ಅಂತ ಕಾಣುತ್ತೆ. ಸಿಗಲಿಲ್ಲ. ಅದಕ್ಕೇ ನನ್ನ ತಲೆ ಮೇಲೆ ಹಾದು ಆಚೆ ಹೋಯ್ತು. ಅಯ್ಯೋ, ಈ ಅತ್ತಿಮರವನ್ನು ಹೀಗೆ ಬೋಳು ಮಾಡಿದ್ದು ಯಾರು?"

ಮುಸುವಕ್ಕೆ ನೀರಿನ ಮೇಲೆ ಸುತ್ತಿದ ನೆರಳು ನೆನಪಾಯಿತು. ತಲೆ ಎತ್ತಿದ್ದರೆ ಸಾಕಿತ್ತು.

ಯಾರಿಗೂ ಇನ್ನೂ ಏನೂ ತಿಳಿದಿರಲಿಲ್ಲ. "ಇವತ್ತು ನಾವು ಅದನ್ನು ನೋಡಿದ್ದು ನಿನ್ನ ಪುಣ್ಯದಿಂದ. ನೀನು ಹೇಳದಿದ್ದರೆ ನಮಗೆಲ್ಲಿ ಗೊತ್ತಾಗ್ತಿತ್ತು?" ಎಂದು ಕೆಂದಳಿಲು ಅದರ ಕೈ ಹಿಡಿದುಕೊಂಡಿತು. ಬೈದಿದ್ದರೂ, ಹೊಡೆದಿದ್ದರೂ ಮುಸುವ ತಡೆದುಕೊಳ್ಳುತ್ತಿತ್ತು. ಈ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ.

"ನಾನು ಹೇಳಿದ್ದು ಸುಳ್ಳು!" ಎಂದು ಬಿಕ್ಕಿ ಬಿಕ್ಕಿ ಅತ್ತಿತು. "ನಿಮ್ಮನ್ನೆಲ್ಲ ಆಚೆ ಕಳಿಸಿ ನಾನೊಬ್ಬನೇ ನೋಡಬೇಕು ಅಂತ ಹೇಳಿದೆ. ಕೊಂಬೆ ಮುರಿದವನೂ ನಾನೇ."

ಯಾರೂ ಬೈಯಲಿಲ್ಲ. ಒಂದೊಂದಾಗಿ ತಿರುಗಿ ತಮ್ಮ ತಮ್ಮ ಗೂಡಿಗೆ, ಬಿಲಕ್ಕೆ ಹೋದವು. ಕೆಂದಳಿಲು ಮಾತ್ರ ಒಂದು ಗಳಿಗೆ ನಿಂತಿತು. ಹಿಡಿದ ಕೈಯನ್ನು ಬಿಟ್ಟಿತು.

"ನಾವು ಕೂಗಿದ್ದು ಸುಳ್ಳಾಗಿರಲಿಲ್ಲ ಅಣ್ಣ" ಎಂದು ಹೇಳಿ ಅದೂ ಹೋಯಿತು.

ಆಮೇಲೆ ಎಷ್ಟೋ ಬೇಸಿಗೆ ಕಳೆದವು. ಯಾವ ಮೂಲೆಯಿಂದ "ಬಂತೋ!" ಎಂದು ಕೇಳಿದರೂ ಮುಸುವ ಎಲ್ಲರಿಗಿಂತ ಮೊದಲು ಎದ್ದು ಓಡುತ್ತಿತ್ತು. ಈಗ ಅದಕ್ಕೆ ನಿಜವಾಗಿಯೂ ಮಂಡಿನೋವಿತ್ತು. ಬೀಳುತ್ತಾ ಏಳುತ್ತಾ ಹೋಗುತ್ತಿತ್ತು. ಬೇರೆ ಯಾವುದೋ ಹಕ್ಕಿ ಇರುತ್ತಿತ್ತು. ಹೊಂಬೆನ್ನಿನ ಹಕ್ಕಿ ಮತ್ತೆ ಬರಲಿಲ್ಲ. ಒಂದು ದಿನ ಬಲಗಣ್ಣಿಗೂ ಪೊರೆ ಮುಚ್ಚಿಕೊಂಡಿತು. ಇನ್ನು ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ.

ಕಣ್ಣು ಪೂರ್ತಿ ಹೋಗುವ ಮೊದಲೇ ಮುಸುವ ಹೊನ್ನೆಮರದ ಕೆಳಗಿನ ಪೊಟರೆಯಿಂದ ಎರಡು ಗುಲಗಂಜಿಗಳನ್ನು ಬೇರೆ ತೆಗೆದು ಇಟ್ಟುಕೊಂಡಿತ್ತು. ಎರಡೂ ಒಂದೇ ಹಕ್ಕಿಯವು. ಅವನ್ನು ಬೆರಳಲ್ಲಿ ಉರುಳಿಸುತ್ತಾ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿತ್ತು.

"ಮೊದಲನೆಯ ಸಲ ನಿದ್ದೆ ಬಂದಿತ್ತು ಅಮ್ಮಾ. ಎರಡನೆಯ ಸಲ ಎಚ್ಚರವಾಗೇ ಇದ್ದೆ."

ನೀತಿ: ತನಗೊಬ್ಬನಿಗೇ ಸಿಗಲೆಂದು ಇತರರಿಗೆ ಸುಳ್ಳು ಹೇಳುವವನು, ನಿಜವೇ ಬಂದು ಕರೆದಾಗಲೂ ನಂಬಲಾರದೆ ಬಯಸಿದ್ದನ್ನು ಕಳೆದುಕೊಳ್ಳುತ್ತಾನೆ.