ಬಿಸ್ಕತ್ತಿನ ಗೋಡೆಯ ಬಿರುಕು

ಕ್ರಿಸ್ಮಸ್ಸಿಗೆಂದು ಶುಂಠಿ ಬಿಸ್ಕತ್ತಿನ ಪುಟ್ಟ ಮನೆಯೊಂದು ಏಳುತ್ತಿತ್ತು. ನಾಲ್ಕು ಗೋಡೆಗಳು ನಿಂತಿದ್ದವು, ಚಾವಣಿ ಇನ್ನೂ ತಟ್ಟೆಯಲ್ಲಿತ್ತು. ಇಂಥ ಮನೆಗೆ ಸಕ್ಕರೆಯ ಐಸಿಂಗೇ ಗಾರೆ, ಅದೇ ಅಲಂಕಾರ. ಅದೂ ಹಿಂಡಿ ಬರೆಯುವ ಕಾಗದದ ಕೋನಿನಲ್ಲಿ ಸ್ವಲ್ಪವೇ ಉಳಿದಿತ್ತು ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಬೇಯುವಾಗ ಮುಂದಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದಿತ್ತು. ಗೋಡೆಗೆ ಅದೇ ಚಿಂತೆ.

"ಕೋನಣ್ಣ, ಸಂಜೆ ಮಕ್ಕಳು ನೋಡಲು ಬರುತ್ತಾರೆ. ನನ್ನ ಬಿರುಕಿನ ಮೇಲೊಂದು ಹೂ ಬರೆ."

"ಅಷ್ಟು ಸಣ್ಣ ಬಿರುಕಿಗೆ ನೀನು ಬೀಳುವುದಿಲ್ಲ ತಂಗಿ. ಈ ಐಸಿಂಗ್ ಚಾವಣಿ ಅಂಟಿಸಲು ಬೇಕು."

"ಒಂದೇ ಒಂದು ಹೂ!"

ಕೋನು ಬರೆಯಿತು. ಒಂಟಿ ಹೂವನ್ನು ಕಂಡರೆ ಅದರಡಿ ಏನಿದೆಯೆಂದು ಎಲ್ಲರೂ ಇಣುಕುತ್ತಾರೆಂದು ಗೋಡೆ ಮತ್ತೆ ಹೆದರಿತು. ಬಳ್ಳಿ ಬೇಕೆಂದಿತು, ಸುತ್ತ ಅಂಚು ಬೇಕೆಂದಿತು, ಬಣ್ಣದ ಪೆಪ್ಪರಮಿಂಟು ಅಂಟಿಸೆಂದಿತು. ಕೋನು ಚಪ್ಪಟೆಯಾಯಿತು.

ಕೊನೆಗೆ ಚಾವಣಿ ಗೋಡೆಗಳ ಮೇಲೇರಿತು. ಹಿಡಿದುಕೊಳ್ಳಲು ಐಸಿಂಗ್ ಇಲ್ಲದ್ದರಿಂದ ಜಾರಿ ತಟ್ಟೆಗೆ ಬಿದ್ದು ಎರಡು ಹೋಳಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಮಕ್ಕಳ ಸದ್ದು ಕೇಳಿಸಿತು.

"ಚಾವಣಿಯಣ್ಣ, ಬೇಗ ಹೇಳು, ನನ್ನ ಬಿರುಕು ಕಾಣುತ್ತದೆಯೇ?" ಎಂದಿತು ಗೋಡೆ.

"ಇಲ್ಲ ತಂಗಿ," ಎಂದಿತು ಚಾವಣಿ. "ಬಿರುಕೂ ಕಾಣುವುದಿಲ್ಲ, ಮನೆಯೂ ಕಾಣುವುದಿಲ್ಲ."