ಸುರುಳಿಯ ಎರಡನೇ ಪ್ರಶ್ನೆ

ವಸುಂಧರಮ್ಮ ಮನೆಯಲ್ಲೇ ಮಾಡಿದ ಹಾಡಿನ ಪೆಟ್ಟಿಗೆಯಲ್ಲಿ ತಗ್ಗು ಸ್ವರದ ದೊಡ್ಡ ಸ್ಪೀಕರ್, ಮೇಲುಸ್ವರದ ಪುಟ್ಟ ಟ್ವೀಟರ್ ಇದ್ದವು. ಹಾಡನ್ನು ಅವೆರಡಕ್ಕೂ ಹಂಚಬೇಕಾಗಿದ್ದ ತಾಮ್ರದ ಸುರುಳಿ ಕೇಳಿತು: "ನೀವು ಎಲ್ಲಿಯವರೆಗೆ ಹೋಗಬಲ್ಲಿರಿ?"

"ಎಷ್ಟು ಮೇಲಕ್ಕಾದರೂ ಏರುತ್ತೇನೆ," ಎಂದಿತು ಸ್ಪೀಕರ್.

"ಎಷ್ಟು ಕೆಳಕ್ಕಾದರೂ ಇಳಿಯುತ್ತೇನೆ," ಎಂದಿತು ಟ್ವೀಟರ್.

ಸುರುಳಿ ಮೊದಲು ಟ್ವೀಟರನ್ನು ನಂಬಿ ತಗ್ಗು ಸ್ವರಗಳನ್ನೂ ಅದಕ್ಕೆ ಕೊಟ್ಟಿತು. ಹಾಡು ಶುರುವಾದೊಡನೆ ಅದರ ಗಂಟಲು ಗರಗರ ಎಂದಿತು. ಆಮೇಲೆ ಸ್ಪೀಕರನ್ನು ನಂಬಿ ಮೇಲುಸ್ವರಗಳನ್ನೂ ಅದಕ್ಕೆ ಕೊಟ್ಟಿತು. ಎದುರು ಕೂತಿದ್ದ ವಸುಂಧರಮ್ಮನಿಗೆ ಸರಿ ಅನಿಸಿತು, ಆ ಮೇಲುಸ್ವರ ಬದಿಗೆ ಹರಡದ್ದರಿಂದ ಮೂಲೆಯಲ್ಲಿದ್ದ ಅತ್ತೆ ಮಾತ್ರ, "ಹಾಡೋಳಿಗೆ ಕಂಬಳಿ ಹೊದಿಸಿದ್ದೀಯೇನೆ?" ಎಂದರು.

ಸುರುಳಿ ಮತ್ತೆ ಕೇಳಿತು: "ಸುಸ್ತಾಗದೆ ಎಲ್ಲಿಯವರೆಗೆ ಹೋಗುತ್ತೀರಿ?"

ಏರುವ ಸ್ಪೀಕರ್, ಇಳಿಯುವ ಟ್ವೀಟರ್ ಎರಡೂ, "ಎರಡೂವರೆ ಸಾವಿರ ಹರ್ಟ್ಸ್‌ವರೆಗೆ," ಎಂದವು. ಸುರುಳಿ ಅಲ್ಲೇ ಹಾಡನ್ನು ಪಾಲು ಮಾಡಿ, ಕೆಳಗಿನದನ್ನು ಸ್ಪೀಕರಿಗೂ ಮೇಲಿನದನ್ನು ಟ್ವೀಟರಿಗೂ ಕೊಟ್ಟಿತು.

"ಈಗ ಹಾಡ್ತಿರೋದು ಯಾವುದೇ, ದೊಡ್ಡದೋ ಚಿಕ್ಕದೋ?" ಎಂದರು ಅತ್ತೆ.

ಪೆಟ್ಟಿಗೆ ಮಾಡಿದ ವಸುಂಧರಮ್ಮನಿಗೂ ಗೊತ್ತಾಗಲಿಲ್ಲ.