ಗ್ಯಾಸು ಇಳಿಯುವ ಮುನ್ನ

ಹೊಳೆಬಸಪ್ಪ ಎಂಬ ಟ್ಯಾಕ್ಸಿ ಚಾಲಕನಿದ್ದ. ಹೆಂಡತಿ ನೀಲವ್ವ ಹೆರಿಗೆಗೆ ವಿಜಯಪುರದ ತವರಿಗೆ ಹೋದಾಗ ಇವನು ಗೋವಾದಲ್ಲಿ ಪ್ರವಾಸಿಗರ ಬಾಡಿಗೆ ಹೊಡೆಯುತ್ತಿದ್ದ. ಮಗಳು ಹುಟ್ಟಿದ್ದು, ನಕ್ಕದ್ದು, ಮಗ್ಗುಲಾದದ್ದು ಎಲ್ಲವನ್ನೂ ಕಂಡದ್ದು ಫೋನಿನಲ್ಲಿ. ಒಮ್ಮೆ ಎರಡೂ ಕೈಯಲ್ಲಿ ಎತ್ತಿಕೊಂಡರೆ ಸಾಕು ಎಂದು ಜೀವ ಎಳೆಯುತ್ತಿತ್ತು.

ಬೇಸಿಗೆಯಲ್ಲಿ ತಾಯಿ-ಮಗು ಇಬ್ಬರನ್ನೂ ಊರಿಗೆ ಕರೆತರುವ ದಿನ ಗೊತ್ತಾಯಿತು. ಅದರ ಹಿಂದಿನ ದಿನವೇ ಕಾರಿನ ಎ.ಸಿ. ಬಿಸಿಗಾಳಿ ಉಗುಳತೊಡಗಬೇಕೆ! ವಿಜಯಪುರದ ಬಿಸಿಲಿನಲ್ಲಿ ಎಳೆಕೂಸನ್ನು ಹಾಗೆ ತರಲಾದೀತೇ? ದಾರಿಯಲ್ಲಿ ಹುಬ್ಬಳ್ಳಿಯ ಪರಿಚಯದ ಮೆಕ್ಯಾನಿಕ್ ರಾಜೇಸಾಬನ ಗ್ಯಾರೇಜಿಗೆ ಕಾರು ತಂದು ನಿಲ್ಲಿಸಿದ.

ಎ.ಸಿ.ಯ ಗ್ಯಾಸು ಹರಿಯುವ ಪೈಪು ಸೋರುತ್ತಿದೆ, ಬದಲಿಸಬೇಕು ಎಂದ ರಾಜೇಸಾಬ. ಒಳಗೆ ಉಳಿದ ಗ್ಯಾಸು ಎಳೆದುಕೊಳ್ಳುವ ಮಷಿನ್ನು ಇನ್ನೊಂದು ಕಾರಿಗೆ ಹತ್ತಿತ್ತು. ಅದು ಬಿಡುವಾದ ಮೇಲೆ ಇದರ ಗ್ಯಾಸು ಇಳಿಸಿ, ಆಮೇಲೆ ನಟ್ಟು ಬಿಚ್ಚುವುದು ಎಂದು ಹೇಳಿ, ಹೊಸ ಪೈಪು ತರಲು ಅಂಗಡಿಗೆ ಹೊರಟ.

"ತಂಪೇ ಬರವಲ್ದು ಅಂದಮ್ಯಾಗ ಒಳಗ ಗ್ಯಾಸು ಎಲ್ಲೈತಿ ಚಾಚಾ? ಹಂಗ ಬಿಚ್ಚಿಬಿಡ್ರಲ್ಲ" ಎಂದ ಹೊಳೆಬಸಪ್ಪ.

"ಮಗಳನ್ನ ನೋಡೂ ಅವಸರ ನಿನಗೈತಿ ತಮ್ಮಾ, ಪೈಪಿಗಿಲ್ಲ. ಮುಟ್ಟಬ್ಯಾಡ."

ರಾಜೇಸಾಬ ಹೋದ ಮೇಲೆ ಹೊಳೆಬಸಪ್ಪ ಕಾರಿನ ಪಕ್ಕ ಕೂತ. ನೀಲವ್ವನ ಫೋನು ಬಂತು. ನಿಮ್ಮ ದನಿ ಕೇಳಿದರೆ ಕೂಸು ಈಗ ಬಾಗಿಲ ಕಡೆ ತಿರುಗುತ್ತದೆ ಎಂದಳು. ಇನ್ನು ಕೂರುವುದೆಲ್ಲಿ? ಚಾಚಾ ಬರುವಷ್ಟರಲ್ಲಿ ನಟ್ಟು ಸಡಿಲಿಸಿಟ್ಟರೆ ಕೆಲಸ ಬೇಗ ಆದೀತು ಎಂದು ಲೆಕ್ಕ ಹಾಕಿ ಬರಿಗೈಯಲ್ಲಿ ಪಾನಾ ಹಿಡಿದು ನಟ್ಟು ತಿರುಗಿಸಿದ.

ಬುಸ್ ಎಂದು ಬಿಳಿಹೊಗೆ ಎದ್ದಿತು. ಒಳಗೆ ಒತ್ತಡದಲ್ಲಿದ್ದ ಗ್ಯಾಸು ಹಿಮಕ್ಕಿಂತ ತಣ್ಣನೆಯ ದ್ರವವಾಗಿಯೇ ಎರಡೂ ಕೈಗಳ ಮೇಲೆ ಚಿಮ್ಮಿತು. ಮುಖ ತಿರುಗಿಸಿದ್ದರಿಂದ ಕಣ್ಣು ಉಳಿದವು. ಬೆರಳುಗಳು ಮೇಣದಂತೆ ಬೆಳ್ಳಗಾಗಿ ಮರಗಟ್ಟಿದವು. ನೋವು ಆಮೇಲೆ ಬಂತು.

ರಾಜೇಸಾಬ ಬಂದವನು ಬೈಯಲಿಲ್ಲ. ಉಜ್ಜಬೇಡ ಎಂದು ಹೇಳಿ, ಉಗುರುಬೆಚ್ಚಗಿನ ನೀರಿನಲ್ಲಿ ಕೈ ಅದ್ದಿಸಿ, ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಮಣಿಕಟ್ಟಿನವರೆಗೂ ಪಟ್ಟಿ ಸುತ್ತಿ, ಮಾಯುವವರೆಗೆ ಏನನ್ನೂ ಎತ್ತಬಾರದು ಎಂದರು.

ಮರುದಿನ ಕಾರು ಚೆನ್ನಾಗಿ ತಂಪಾಗಿತ್ತು. ಓಡಿಸಿದವನು ರಾಜೇಸಾಬ.

ತವರುಮನೆಯ ಬಾಗಿಲಲ್ಲಿ ನೀಲವ್ವ ಮಗಳನ್ನು ಮುಂದೆ ಚಾಚಿದಳು. "ತಗೋರಿ."

ಹೊಳೆಬಸಪ್ಪನ ಎರಡೂ ಕೈ ತಾವಾಗಿ ಮೇಲೆದ್ದವು. ಪಟ್ಟಿ ಕಣ್ಣಿಗೆ ಬಿದ್ದು ಕೆಳಗಿಳಿದವು. ನೀಲವ್ವನ ಮುಖ ಇಳಿಯಿತು. ಗಂಟುಮೂಟೆ ತರಲು ಒಳಗೆ ಹೋಗಬೇಕಿತ್ತು. ಕೂಸನ್ನು ರಾಜೇಸಾಬನ ಕೈಗಿತ್ತಳು. ಅದು ಅವನ ಗಡ್ಡ ಹಿಡಿದು ಎಳೆಯಿತು. ಪಕ್ಕದಲ್ಲಿ ನಿಂತ ಅಪ್ಪ ಬಗ್ಗಿ ಮಗಳ ನೆತ್ತಿ ಮೂಸಿದ. ಅವನಿಗೆ ದಕ್ಕಿದ್ದು ಅಷ್ಟು.

ದಾರಿಯುದ್ದಕ್ಕೂ ಮಗಳು ಹಿಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿ ತಣ್ಣಗೆ ಮಲಗಿದ್ದಳು. ಮುಂದೆ ಕೂತ ಅಪ್ಪ ತಿರುಗಿ ತಿರುಗಿ ನೋಡುತ್ತಿದ್ದ ಹಾಗೆಯೇ ಊರು ಬಂತು.

ನೀತಿ: ಹಂಬಲ ಎಷ್ಟೇ ದೊಡ್ಡದಿರಲಿ, ಕೆಲಸದ ಕ್ರಮ ಅದಕ್ಕೆ ರಿಯಾಯಿತಿ ಕೊಡುವುದಿಲ್ಲ. ತಂಪು ನಿಂತ ಮಾತ್ರಕ್ಕೆ ಪೈಪು ಖಾಲಿಯಾಗಿರುವುದಿಲ್ಲ. ಬಲ್ಲವನು ಗ್ಯಾಸು ಇಳಿಸುವವರೆಗೆ ನಟ್ಟು ಮುಟ್ಟಬೇಡಿ. ಯಾವ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳಬೇಕೆಂದಿದ್ದೀರೋ, ಮೊದಲು ಆ ಕೈಯನ್ನು ಕಾಪಾಡಿಕೊಳ್ಳಿ.